ಆ್ಯಕ್ಸೆಸ್ ಬಿಡುವ ಮುನ್ನ

ತಮ್ಮಾ, ನಿಮ್ಮ ಸಂಘದ ಆ್ಯಕ್ಸೆಸ್ ಫೈಲು ಮತ್ತೆ ಮತ್ತೆ ಕೆಡುತ್ತಿದೆ, ಕಾಂಪ್ಯಾಕ್ಟ್-ರಿಪೇರಿ ಮಾಡಿ ಸಾಕಾಗಿದೆ ಎಂದೆಯಲ್ಲ. ಅದರಲ್ಲಿ ನಿನ್ನ ತಪ್ಪೇನಿಲ್ಲ. ಆ ಫೈಲಿನ ಮಿತಿಯೇ 2 ಜಿಬಿ. ಅಲ್ಲಿ ಸರ್ವರ್ ಎಂಬುದೇ ಇಲ್ಲ. ಪ್ರತಿ ಕಂಪ್ಯೂಟರೂ ನೆಟ್‌ವರ್ಕಿನಲ್ಲಿ ಅದೇ ಫೈಲಿಗೆ ನೇರವಾಗಿ ಕೈಹಾಕುತ್ತದೆ. ಬರೆಯುವ ಹೊತ್ತಿಗೆ ಕರೆಂಟು ಹೋದರೆ ಫೈಲು ಕೆಡದೆ ಇನ್ನೇನಾದೀತು?

ಯಾವುದಕ್ಕೆ ಹೋಗಲಿ ಎಂದು ಕೇಳಿದೆ. ಎಸ್‌ಕ್ಯೂಲೈಟ್ ಗಟ್ಟಿ ಸಾಮಾನೇ, ಆದರೆ ಅದೂ ಒಂದೇ ಫೈಲು, ಒಂದು ಸಲಕ್ಕೆ ಒಬ್ಬರೇ ಬರೆಯಲು ಸಾಧ್ಯ. ನಿಮ್ಮ ಕೌಂಟರುಗಳಿಗೆ ಒಗ್ಗದು. ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಉಚಿತ. 2022ರ ಆವೃತ್ತಿಯವರೆಗೆ ಒಂದು ಡೇಟಾಬೇಸಿಗೆ 10 ಜಿಬಿ ಮಿತಿ. ಪೋಸ್ಟ್‌ಗ್ರೆಸ್‌ಗೆ ಅಂಥ ಕಟ್ಟೂ ಇಲ್ಲ, ಲೈಸೆನ್ಸಿನ ಖರ್ಚೂ ಇಲ್ಲ. ನನ್ನ ಒಲವು ಅದರ ಕಡೆಗೇ. ಆದರೂ, ಕರೆದ ತಕ್ಷಣ ಬರುವ ನಿಮ್ಮೂರ ಹುಡುಗನಿಗೆ ಎಸ್‌ಕ್ಯೂಎಲ್ ಸರ್ವರ್ ಚೆನ್ನಾಗಿ ಗೊತ್ತಿದ್ದರೆ ಅದನ್ನೇ ಹಾಕಿಸು. ನೋಡಿಕೊಳ್ಳುವವರಿಲ್ಲದ ಸರ್ವರ್ ಎಷ್ಟು ದೊಡ್ಡದಾದರೇನು?

ಫಾರಂ, ರಿಪೋರ್ಟುಗಳನ್ನು ಎಸೆಯಬೇಡ. ಟೇಬಲ್‌ಗಳನ್ನಷ್ಟೇ ಸರ್ವರ್‌ಗೆ ಸಾಗಿಸಿ, ಓಡಿಬಿಸಿಯಲ್ಲಿ ಆ್ಯಕ್ಸೆಸ್‌ಗೆ ಲಿಂಕ್ ಕೊಡು. ಗುಮಾಸ್ತರಿಗೆ ಹಳೆಯ ಪರದೆಯೇ ಕಾಣುತ್ತದೆ.

ನನಗೆ ನಿಜವಾಗಿ ಚಿಂತೆಯಿರುವುದು ಸದಸ್ಯರ ಹೆಸರುಗಳ ಬಗ್ಗೆ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪಿಸಿದ್ದು ನಮ್ಮ ಕಣ್ಣಿಗೆ ಕನ್ನಡ. ಡೇಟಾಬೇಸಿಗೆ ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಂಚಲು. ಅದನ್ನು ಅಕಾರಾದಿಯಾಗಿ ಜೋಡಿಸಲಾಗದು, ಯೂನಿಕೋಡಿನಲ್ಲಿ ಟೈಪಿಸಿ ಹುಡುಕಿದರೆ ಸಿಗದು. ಮೊದಲು ಯೂನಿಕೋಡಿಗೆ ಪರಿವರ್ತಿಸು. ಆಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನು ಒಂದೊಂದಾಗಿ ನೋಡು, ಕನ್ವರ್ಟರ್ ಎಡವುವುದು ಅಲ್ಲೇ. ಎಸ್‌ಕ್ಯೂಎಲ್ ಸರ್ವರ್ ಆದರೆ ಹೆಸರಿನ ಕಾಲಂ ಎನ್‌ವಾರ್‌ಕ್ಯಾರ್ ಇರಲಿ. ಮಾಮೂಲಿ ವಾರ್‌ಕ್ಯಾರ್ ಇಟ್ಟರೆ ಪ್ರತಿ ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗಿ ಕೂರುತ್ತದೆ. ಹಾಗೆ ಅಳಿದ ಹೆಸರು ಆ ಟೇಬಲ್ಲಿನಿಂದ ಮರಳಿ ಬರುವುದಿಲ್ಲ. ನಾನು ಒಮ್ಮೆ ಇಡೀ ಊರಿನ ಹೆಸರುಗಳನ್ನು ರಿಜಿಸ್ಟರ್ ನೋಡಿ ಮತ್ತೆ ಟೈಪ್ ಮಾಡಿಸಿದ್ದೇನೆ. ಮೈಎಸ್‌ಕ್ಯೂಎಲ್ ಆದರೆ ಯುಟಿಎಫ್8ಎಂಬಿ4, ಪೋಸ್ಟ್‌ಗ್ರೆಸ್ ಆದರೆ ಯುಟಿಎಫ್8 ಇದೆಯೆಂದು ಖಚಿತಪಡಿಸಿಕೋ.

ಇಷ್ಟು ದಿನ ಫೈಲನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿದರೆ ಬ್ಯಾಕಪ್ ಆಗುತ್ತಿತ್ತು. ಓಡುತ್ತಿರುವ ಸರ್ವರ್‌ನ ಫೈಲುಗಳನ್ನು ಹಾಗೆ ಕಾಪಿ ಮಾಡಿದರೆ ನಂಬುವ ಹಾಗಿಲ್ಲ. ಅದರದೇ ಬ್ಯಾಕಪ್ ಉಪಕರಣ ಬಳಸು. ಮಾರ್ಚ್ ಲೆಕ್ಕ ಮುಗಿಯುವವರೆಗೆ ಹಳೆಯ ಫೈಲನ್ನೂ ಅಳಿಸಬೇಡ. ಮೊದಲ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ, ಹೆಸರು, ಬಾಕಿ ಎಲ್ಲ ಸರಿಯಿದೆಯೆಂದು ಕಂಡ ದಿನ ನನಗೊಂದು ಫೋನ್ ಮಾಡು.