ಯೊಕೊಹಾಮಾದ ಕ್ಯಾಮೆರಾ ಮೇಳಕ್ಕೆ ಹೊರಡುವ ಮುನ್ನ

ಹೊಸ ಕ್ಯಾಮೆರಾ ನೋಡಲು ಜಪಾನಿಗೇ ಹೋಗಬೇಕೇ? ಮಿರರ್‌ಲೆಸ್ ಕೊಳ್ಳುವವರಾದರೆ ಬೇಡ. ಅದು ಬೆಂಗಳೂರಿನ ಅಂಗಡಿಯಲ್ಲೇ ಇರುತ್ತದೆ, ಗುಣದೋಷವೆಲ್ಲ ಯೂಟ್ಯೂಬಿನಲ್ಲಿ ಸಿಗುತ್ತದೆ. ರೇಂಜ್‌ಫೈಂಡರ್ ಕ್ಯಾಮೆರಾ ಮಾತ್ರ ಕಣ್ಣಿಗೆ ಹಿಡಿಯದೆ ಅರ್ಥವಾಗುವ ವಸ್ತುವಲ್ಲ. ವ್ಯೂಫೈಂಡರಿನ ನಡುವೆ ಒಂದು ಚಿಕ್ಕ ಚೌಕ. ಅದರೊಳಗೆ ಎರಡಾಗಿ ಕಾಣುವ ಬಿಂಬವನ್ನು ಲೆನ್ಸಿನ ಉಂಗುರ ತಿರುಗಿಸಿ ಒಂದು ಮಾಡಬೇಕು. ಆಟೋಫೋಕಸ್ ಇಲ್ಲ. ಈ ಕೆಲಸ ಕೆಲವರ ಕಣ್ಣಿಗೆ ಅರ್ಧ ನಿಮಿಷದಲ್ಲಿ ಒಗ್ಗುತ್ತದೆ, ಕೆಲವರಿಗೆ ಎಂದೂ ಒಗ್ಗುವುದಿಲ್ಲ. ಲಕ್ಷಗಟ್ಟಲೆ ಸುರಿಯುವ ಮೊದಲು ನೀವು ಯಾವ ಗುಂಪಿನವರೆಂದು ತಿಳಿದುಕೊಳ್ಳುವುದು ಒಳ್ಳೆಯದು.

ಹಿಂದೆ ಇದಕ್ಕೆಲ್ಲ ಜರ್ಮನಿಯ ಕೊಲೋನ್‌ಗೆ ಹೋಗುತ್ತಿದ್ದರು. 1950ರಲ್ಲಿ ಶುರುವಾದ ಅಲ್ಲಿನ ಫೋಟೋಕೀನಾ ಮೇಳದಲ್ಲೇ 1954ರಲ್ಲಿ ಲೈಕಾ ಎಂ3 ರೇಂಜ್‌ಫೈಂಡರ್ ಜಗತ್ತಿಗೆ ಮುಖ ತೋರಿಸಿದ್ದು. 2018ರ ಮೇಳವೇ ಅದರ ಕೊನೆಯದಾಯಿತು. ಈಗ ಉಳಿದಿರುವ ದೊಡ್ಡ ಮೇಳವೆಂದರೆ ಯೊಕೊಹಾಮಾದ ಸಿಪಿ ಪ್ಲಸ್. ಜಪಾನಿನ ಕ್ಯಾಮೆರಾ ತಯಾರಕರ ಸಂಘವಾದ ಸೀಪಾ 2010ರಿಂದ ಇದನ್ನು ನಡೆಸುತ್ತಿದೆ. ಸಾಮಾನ್ಯವಾಗಿ ಫೆಬ್ರುವರಿಯ ಕೊನೆಯಲ್ಲಿ, ಗುರುವಾರದಿಂದ ಭಾನುವಾರದವರೆಗೆ ನಾಲ್ಕು ದಿನ. ಆನ್‌ಲೈನಿನಲ್ಲಿ ಮೊದಲೇ ಹೆಸರು ನೋಂದಾಯಿಸಬೇಕು. ಇತ್ತೀಚಿನ ವರ್ಷಗಳಲ್ಲಿ ಪ್ರವೇಶಕ್ಕೆ ಹಣ ಪಡೆದಿಲ್ಲ. ತಾರೀಖು ಖಚಿತವಾದ ಮೇಲೆಯೇ ವೀಸಾ, ವಿಮಾನದ ಮಾತು.

ಬೆಂಗಳೂರಿನಿಂದ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ನರಿಟಾ ವಿಮಾನ ನಿಲ್ದಾಣದಲ್ಲಿ ಇಳಿಸುತ್ತದೆ. ಅಲ್ಲಿಂದ ನರಿಟಾ ಎಕ್ಸ್‌ಪ್ರೆಸ್ ರೈಲು ನೇರವಾಗಿ ಯೊಕೊಹಾಮಾಕ್ಕೇ ಹೋಗುತ್ತದೆ, ಸುಮಾರು ಒಂದೂವರೆ ಗಂಟೆಯ ದಾರಿ. ಮೇಳ ನಡೆಯುವುದು ಕಡಲ ಅಂಚಿನ ಪಸಿಫಿಕೊ ಯೊಕೊಹಾಮಾ ಸಭಾಂಗಣದಲ್ಲಿ. ಮಿನಾತೊಮಿರಾಯಿ ನಿಲ್ದಾಣದಲ್ಲಿ ಇಳಿದರೆ ಐದಾರು ನಿಮಿಷದ ನಡಿಗೆ. ಟೋಕಿಯೋದಲ್ಲಿ ಉಳಿದುಕೊಂಡವರಿಗೆ ಶಿಬುಯಾದಿಂದ ಬದಲಿಸದೆ ಬರುವ ರೈಲುಗಳಿವೆ. ಆ ತಿಂಗಳು ಚಳಿ ಇನ್ನೂ ಬಿಟ್ಟಿರುವುದಿಲ್ಲ, ಕಡಲ ಗಾಳಿ ಬೇರೆ. ಸ್ವೆಟರಿನ ಮೇಲೊಂದು ಜಾಕೆಟ್ ಬೇಕೇ ಬೇಕು. ಸಸ್ಯಾಹಾರಿಗಳಿಗೆ ಊಟವೇ ತಲೆನೋವು, ತರಕಾರಿ ಎಂದು ಕಾಣುವ ಸಾರಿನಲ್ಲೂ ಮೀನಿನ ರಸ ಇರುತ್ತದೆ. ಚೀಲದಲ್ಲಿ ಗೊಜ್ಜವಲಕ್ಕಿ ಇದ್ದರೆ ಮಧ್ಯಾಹ್ನ ಊಟ ಹುಡುಕುವ ಹೊತ್ತು ಉಳಿಯುತ್ತದೆ.

ಶನಿವಾರ, ಭಾನುವಾರ ಕಾಲಿಡಲು ಜಾಗವಿರುವುದಿಲ್ಲ. ಶುಕ್ರವಾರ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಹೊಸದಾಗಿ ಬಂದ ಕ್ಯಾಮೆರಾ ಮುಟ್ಟಲು ಉದ್ದದ ಸಾಲು ಇರುತ್ತದೆ. ಸಾಲಿನ ಬಾಲದಲ್ಲಿ ಒಬ್ಬರು 'ಸೈಕೋಬಿ' ಎಂಬ ಫಲಕ ಹಿಡಿದಿರುತ್ತಾರೆ, ನೀವು ನಿಲ್ಲಬೇಕಾದದ್ದು ಅಲ್ಲಿ. 2024ರ ಮೇಳಕ್ಕೆ ಎರಡೇ ದಿನ ಮುಂಚೆ ಫ್ಯೂಜಿಫಿಲ್ಮ್ ಎಕ್ಸ್100 ಆರನೆಯ ಮಾದರಿಯನ್ನು ಪ್ರಕಟಿಸಿತ್ತು. ಹೀಗೆ ಮೇಳದ ಹೊಸ್ತಿಲಲ್ಲೇ ಹೊಸತು ಬರುವುದುಂಟು, ಆದ್ದರಿಂದ ಹಿಂದಿನ ವಾರದ ಸುದ್ದಿ ಓದಿಕೊಂಡೇ ಹೋಗಿ. ಆದರೆ ರೂಪಕ್ಕೆ ಮರುಳಾಗಬೇಡಿ. ಆ ಎಕ್ಸ್100 ಕಾಣುವುದು ರೇಂಜ್‌ಫೈಂಡರಿನಂತೆ, ಫೋಕಸ್ ಮಾಡುವ ರೀತಿ ಬೇರೆ. 2025ರಲ್ಲಿ ಲೈಕಾ ತಂದ ಎಂ ಇವಿ1ರಲ್ಲೂ ಅದರ ರೇಂಜ್‌ಫೈಂಡರ್ ಸರಣಿಯ ಎಂ ಹೆಸರಿಗೆ ಇದೆ. ಕಣ್ಣಿಟ್ಟರೆ ಅಲ್ಲಿರುವುದು ಎಲೆಕ್ಟ್ರಾನಿಕ್ ಪರದೆ.

ನನ್ನ ಮಾತು ಕೇಳುವುದಾದರೆ ದೊಡ್ಡ ಕಂಪನಿಗಳ ವೇದಿಕೆ ದಾಟಿ ಮೊದಲು ಕೊಸಿನಾ ಮಳಿಗೆ ಹುಡುಕಿ. ವೋಯ್ಗ್ಟ್‌ಲೆಂಡರ್ ಹೆಸರಿನ ಲೆನ್ಸ್ ಮಾಡುವವರು ಇವರೇ. 2004ರಲ್ಲಿ ಬಂದ ಜಗತ್ತಿನ ಮೊದಲ ಡಿಜಿಟಲ್ ರೇಂಜ್‌ಫೈಂಡರ್ ಎಪ್ಸನ್ ಆರ್‌ಡಿ1ರ ಒಡಲೂ ಇವರದೇ. ಅದರಲ್ಲಿ ಫಿಲ್ಮ್ ಇರಲಿಲ್ಲ, ಆದರೂ ಪ್ರತಿ ಚಿತ್ರಕ್ಕೆ ಮೊದಲು ಲಿವರ್ ಎಳೆದು ಶಟರ್ ಬಿಗಿಯಬೇಕಿತ್ತು! ಲೈಕಾದ ಡಿಜಿಟಲ್ ರೇಂಜ್‌ಫೈಂಡರ್ ಎಂ8 ಬಂದದ್ದು ಅದಾದ ಎರಡು ವರ್ಷಕ್ಕೆ. ಕೊಸಿನಾದ ಲೆನ್ಸುಗಳನ್ನು ಕೈಯಲ್ಲಿ ಹಿಡಿದು ಉಂಗುರ ತಿರುಗಿಸಿ ನೋಡಿ. ನಿಮ್ಮ ಬಾಡಿ ಜೊತೆಯಲ್ಲಿದ್ದರೆ ಅದಕ್ಕೆ ಹಾಕಿ ನೋಡಬಹುದೇ ಎಂದು ಕೇಳಿ. 'ಸಾವತ್ತೆ ಮೊ ಈ ದೆಸ್ ಕಾ' ಎಂದರೆ ಮುಟ್ಟಬಹುದೇ ಎಂದು. ಗಾಜಿನ ಪೆಟ್ಟಿಗೆಯೊಳಗಿನ ಮಾದರಿಗಳನ್ನು ಕೇಳುವ ಗೋಜಿಗೆ ಹೋಗಬೇಡಿ. ನಿಮ್ಮ ಎಸ್‌ಡಿ ಕಾರ್ಡನ್ನೂ ಅನುಮತಿ ಇಲ್ಲದೆ ಅಲ್ಲಿನ ಕ್ಯಾಮೆರಾಗೆ ಹಾಕುವಂತಿಲ್ಲ.

ರೇಂಜ್‌ಫೈಂಡರ್ ಕೈಗೆ ಸಿಕ್ಕಾಗ ಶಟರ್ ಒತ್ತಿ ಸಪ್ಪಳ ಕೇಳುವುದರಲ್ಲೇ ಸಮಯ ಕಳೆಯಬೇಡಿ. ನಿಂತ ಕಂಬದಂಥ ನೇರ ಗೆರೆಯೊಂದನ್ನು ನೋಡಿ, ಬಿಂಬ ಎಷ್ಟು ಬೇಗ ಕೂಡುತ್ತದೆ ಗಮನಿಸಿ. ಆಮೇಲೆ ಮಂದ ಬೆಳಕಿನ ಮೂಲೆಯತ್ತ ತಿರುಗಿಸಿ. ಕನ್ನಡಕ ಹಾಕುವವರು 28 ಎಂಎಂ ಲೆನ್ಸಿಗೆ ವ್ಯೂಫೈಂಡರಿನಲ್ಲಿ ಕಾಣುವ ಚೌಕಟ್ಟಿನ ನಾಲ್ಕೂ ಅಂಚು ಒಟ್ಟಿಗೆ ಕಾಣುತ್ತವೆಯೇ ನೋಡಲೇಬೇಕು. ಬಹಳ ಮಂದಿಗೆ ಕಾಣುವುದಿಲ್ಲ. ಅಂಥವರು 35 ಅಥವಾ 50 ಎಂಎಂ ಲೆನ್ಸಿಗೇ ನಿಲ್ಲುವುದು ಲೇಸು. ಹತ್ತಿರದ ಮಿತಿಯನ್ನೂ ಪರೀಕ್ಷಿಸಿ. ಈಚಿನ ಕೆಲವು ಲೆನ್ಸುಗಳು 0.7 ಮೀಟರಿಗಿಂತ ಸಮೀಪಕ್ಕೆ ಬರುತ್ತವೆ, ಆದರೆ ಲೈಕಾ ಎಂ ಕ್ಯಾಮೆರಾಗಳ ಚೌಕ 0.7 ಮೀಟರಿಗೇ ಕೈಚೆಲ್ಲುತ್ತದೆ. ಅದಕ್ಕಿಂತ ಸಮೀಪಕ್ಕೆ ಕ್ಯಾಮೆರಾದ ಬೆನ್ನಿನ ಪರದೆಯೇ ಗತಿ. ಬಿಂಬ ಕೊಂಚ ಓರೆ ಕಂಡರೆ ಕಂಪನಿಯನ್ನು ದೂರಬೇಡಿ, ನೂರಾರು ಕೈ ದಾಟಿ ಬಂದ ಕ್ಯಾಮೆರಾ ಅದು.

ಲೈಕಾ ಪ್ರತಿ ವರ್ಷವೂ ಇಲ್ಲಿ ಮಳಿಗೆ ಹಾಕುತ್ತದೆಂದು ನೆಚ್ಚಿಕೊಳ್ಳಬೇಡಿ. ಮೇಳದ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಟೋಕಿಯೋದ ಗಿಂಜಾಕ್ಕೆ ಹೋಗಿ. ಆ ಕಂಪನಿ ತಾನೇ ನಡೆಸುವ ಜಗತ್ತಿನ ಮೊದಲ ಅಂಗಡಿ 2006ರಲ್ಲಿ ಶುರುವಾದದ್ದು ಅಲ್ಲಿ. ಟೋಕಿಯೋದಲ್ಲೇ ಇರುವ ನಿಶಿ ಓಯಿಯ ನಿಕಾನ್ ಮ್ಯೂಸಿಯಮ್ಮಿಗೆ ಟಿಕೆಟ್ ಇಲ್ಲ, ನಿಕಾನಿನ ಹಳೆಯ ಎಸ್ ಸರಣಿಯ ರೇಂಜ್‌ಫೈಂಡರುಗಳು ಅಲ್ಲಿವೆ. ಮ್ಯೂಸಿಯಂ ಮುಚ್ಚಿರುವ ದಿನ ಯಾವುದೆಂದು ನೋಡಿಕೊಂಡು ಹೋಗಿ.

ಮೇಳ ನೋಡುವುದಕ್ಕೆ, ಕೊಳ್ಳುವುದಕ್ಕಲ್ಲ. ಕೊಳ್ಳುವ ಮನಸ್ಸಾದರೆ ಟೋಕಿಯೋದ ಶಿಂಜುಕುವಿನ ಅಂಗಡಿಗಳಿಗೆ ಹೋಗಿ, ಹೊಸದೂ ಹಳೆಯದೂ ಸಿಗುತ್ತವೆ. ತೆರಿಗೆ ಉಳಿಸಲು ಪಾಸ್‌ಪೋರ್ಟ್ ಜೊತೆಯಲ್ಲಿರಲಿ. 2026ರ ನವೆಂಬರ್ 1ರಿಂದ ನಿಯಮ ಬದಲು: ಪ್ರವಾಸಿಗರು ಶೇ 10ರ ತೆರಿಗೆಯನ್ನು ಮೊದಲು ಕೊಟ್ಟು, ದೇಶ ಬಿಡುವಾಗ ಮರಳಿ ಪಡೆಯಬೇಕು. ಜಪಾನಿನ ಮಾರುಕಟ್ಟೆಗೆಂದೇ ಮಾಡಿದ ಸೋನಿ ಕ್ಯಾಮೆರಾಗಳಲ್ಲಿ ಮೆನು ಜಪಾನಿ ಭಾಷೆಯಲ್ಲಷ್ಟೇ ಇರುತ್ತದೆ, ಹಣ ಕೊಡುವ ಮುನ್ನ ಇಂಗ್ಲಿಷ್ ಇದೆಯೇ ಕೇಳಿ. ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂಬುದನ್ನೂ. ನಿಮ್ಮದೇ ಬೆಲೆಬಾಳುವ ಕ್ಯಾಮೆರಾ ಒಯ್ಯುವವರಾದರೆ ಭಾರತದಿಂದ ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಮರಳುವಾಗ ಅದು ಹೊಸದಾಗಿ ಕೊಂಡದ್ದಲ್ಲವೆಂದು ವಾದಿಸುವುದು ತಪ್ಪುತ್ತದೆ.