ಆಂಗ್ಲ ಸ್ಪೆಲ್ಲಿಂಗ್ ಬೀ: ಸೋತ ಮಗುವೂ ಕಲಿಯುವಂತಹ ಆಯೋಜನೆ

ಶಾಲೆಯಲ್ಲಿ ಆಂಗ್ಲ ಪದಗಳ ಸ್ಪೆಲ್ಲಿಂಗ್ ಬೀ ಸ್ಪರ್ಧೆಯನ್ನು ಏರ್ಪಡಿಸುವಾಗ ಮೊದಲು ನಿರ್ಧರಿಸಬೇಕಾದುದು ಬಹುಮಾನವನ್ನಲ್ಲ. ತಪ್ಪು ಹೇಳಿದ ಮಗುವಿನ ಮುಂದಿನ ಸ್ಥಾನವನ್ನು. ಮೊದಲ ತಪ್ಪಿಗೇ ಸ್ಪರ್ಧಿಯನ್ನು ಹೊರಗಿರಿಸುವ ಕ್ರಮದಲ್ಲಿ, ಅಭ್ಯಾಸದ ಅಗತ್ಯ ಅತಿ ಹೆಚ್ಚಿರುವ ಮಗುವಿಗೇ ಅತಿ ಕಡಿಮೆ ಅವಕಾಶ ದೊರೆಯುತ್ತದೆ. ಉಳಿದ ಸಮಯ ಅದು ಕೇವಲ ಪ್ರೇಕ್ಷಕನಾಗಿರುತ್ತದೆ.

1. ಹಿನ್ನೆಲೆ

ಅಮೆರಿಕದ ರಾಷ್ಟ್ರೀಯ ಸ್ಪೆಲ್ಲಿಂಗ್ ಬೀ 1925ರಲ್ಲಿ ಆರಂಭವಾಯಿತು. 1985ರಲ್ಲಿ ಬಾಲು ನಟರಾಜನ್ ಅದನ್ನು ಗೆದ್ದ ಭಾರತೀಯ ಮೂಲದ ಮೊದಲ ವಿದ್ಯಾರ್ಥಿಯಾದರು. ದೇಶಕ್ಕೊಬ್ಬ ವಿಜೇತನನ್ನು ಆರಿಸಬೇಕಾದ ಆ ವೇದಿಕೆಗೆ, ತಪ್ಪಿದವರನ್ನು ಕೈಬಿಡುತ್ತಾ ಸಾಗುವ ಕ್ರಮ ಹೊಂದುತ್ತದೆ. ಗ್ರಾಮೀಣ ಶಾಲೆಯ ಗುರಿ ಬೇರೆ.

‘ಬೀ’ ಎಂದೊಡನೆ ಜೇನುನೊಣ ನೆನಪಾಗುವುದು ಸಹಜ. ಆದರೆ ಅಮೆರಿಕದ ಹಳ್ಳಿಗಳಲ್ಲಿ ನೆರೆಹೊರೆಯವರು ಕೂಡಿ ಕೌದಿ ಹೊಲಿಯುವ, ಮೆಕ್ಕೆಜೋಳದ ತೆನೆ ಸುಲಿಯುವ ಕೂಟಗಳಿಗೂ ಇದೇ ಹೆಸರಿತ್ತು. ನಮ್ಮ ಮುಯ್ಯಾಳಿನ ಪದ್ಧತಿಗೆ ಸಮೀಪವಾದ ಈ ಅರ್ಥವೇ ಶಾಲೆಗೆ ಹೆಚ್ಚು ಒಪ್ಪುತ್ತದೆ.

2. ತೊಡಕಿನ ಮೂಲ

ಕನ್ನಡದಲ್ಲಿ ಮಗು ಬಹುಮಟ್ಟಿಗೆ ಕೇಳಿದಂತೆ ಬರೆಯುತ್ತದೆ, ಬರೆದಂತೆ ಓದುತ್ತದೆ. ಆಂಗ್ಲ ಭಾಷೆಯಲ್ಲಿ 26 ಅಕ್ಷರಗಳು ಸುಮಾರು 44 ಧ್ವನಿಗಳನ್ನು ಹೊರಬೇಕಾಗಿದೆ. ‘ನೈಫ್’ ಪದದ ಮೊದಲ ಅಕ್ಷರ ‘ಕೆ’, ಅದು ಉಚ್ಚಾರದಲ್ಲಿಲ್ಲ. ಮನೆಯಲ್ಲಿ ‘ಇಸ್ಕೂಲು’ ಎನ್ನುವ ಮಗು ‘ಸ್ಕೂಲ್’ ಪದವನ್ನು ‘ಐ’ ಅಕ್ಷರದಿಂದ ಆರಂಭಿಸಬಹುದು. ‘ವಿ’ ಮತ್ತು ‘ಡಬ್ಲ್ಯೂ’ ಎರಡಕ್ಕೂ ನಮ್ಮಲ್ಲಿ ‘ವ’ಕಾರವೊಂದೇ. ಇವು ದಡ್ಡತನದ ಲಕ್ಷಣಗಳಲ್ಲ. ತಾಯ್ನುಡಿಯ ನಿಯಮವನ್ನು ಚೆನ್ನಾಗಿ ಕಲಿತುದರ ಫಲ.

3. ಪೂರ್ವಸಿದ್ಧತೆ

ಆಯಾ ತರಗತಿಯ ಪಠ್ಯಪುಸ್ತಕದಿಂದಲೇ 120 ಪದಗಳನ್ನು ಆಯ್ದು, ನಾಲ್ಕು ವಾರಗಳಿಗೆ ತಲಾ 30ರಂತೆ ಹಂಚುವುದು ಸೂಕ್ತ. ಪಟ್ಟಿಯನ್ನು ಅಕಾರಾದಿಯಾಗಿ ನೀಡದೆ ಮಾದರಿಗಳಾಗಿ ವಿಂಗಡಿಸಬೇಕು. ‘ಲೈಟ್’, ‘ನೈಟ್’, ‘ರೈಟ್’ ಪದಗಳು ‘ಐ-ಜಿ-ಎಚ್-ಟಿ’ ಎಂಬ ಒಂದೇ ಬಾಲವನ್ನು ಹೊಂದಿವೆ. ಒಂದನ್ನು ಅರಿತ ಮಗುವಿಗೆ ಉಳಿದವು ಸುಲಭ. ‘ಕಲರ್’ ಪದದಲ್ಲಿ ಅಮೆರಿಕದವರು ‘ಯು’ ಅಕ್ಷರವನ್ನು ಬಿಡುತ್ತಾರೆ; ಬ್ರಿಟಿಷ್ ಪದ್ಧತಿಯಲ್ಲಿ ಅದು ಉಂಟು. ಯಾವುದನ್ನು ಒಪ್ಪಲಾಗುವುದೆಂದು ಮುಂಚಿತವಾಗಿಯೇ ತಿಳಿಸಬೇಕು.

4. ನಡೆಸುವ ಕ್ರಮ

ಅ) 24 ಮಕ್ಕಳಿದ್ದರೆ ನಾಲ್ವರಂತೆ ಆರು ತಂಡಗಳನ್ನು ರಚಿಸುವುದು. ಪ್ರತಿ ತಂಡದಲ್ಲಿಯೂ ಕಲಿಕೆಯಲ್ಲಿ ಮುಂದಿರುವವರೂ ಹಿಂದಿರುವವರೂ ಇರಬೇಕು.

ಆ) ಶಿಕ್ಷಕರು ಪದವನ್ನು ಉಚ್ಚರಿಸಿ, ಕನ್ನಡದಲ್ಲಿ ಅರ್ಥ ತಿಳಿಸಿ, ಒಂದು ವಾಕ್ಯದಲ್ಲಿ ಬಳಸಿ, ಪುನಃ ಪದವನ್ನು ಉಚ್ಚರಿಸುವುದು. ‘ಸನ್’ ಎಂದರೆ ಸೂರ್ಯನೋ ಮಗನೋ ಎಂಬುದು ವಾಕ್ಯದಿಂದಲೇ ತಿಳಿಯಬೇಕು.

ಇ) ಮಗು ಒಮ್ಮೆ ಮೊದಲಿನಿಂದ ಪುನರಾರಂಭಿಸಬಹುದು, ಹೇಳಿದ ಅಕ್ಷರಗಳನ್ನು ಬದಲಿಸುವಂತಿಲ್ಲ.

ಈ) ತಪ್ಪಾದಲ್ಲಿ ಸರಿಯಾದ ರೂಪವನ್ನು ಕಪ್ಪುಹಲಗೆಯ ಮೇಲೆ ಬರೆದು, ಎಲ್ಲರಿಂದ ಹೇಳಿಸಿ, ಅಳಿಸುವುದು. ಅದೇ ಪದ ಮರುಸರದಿಯಲ್ಲಿ ಅದೇ ಮಗುವಿಗೆ ಬರಬೇಕು. ಮೊದಲ ಬಾರಿಗೆ ಸರಿಯಾದರೆ 2 ಅಂಕ, ಮರುಸರದಿಯಲ್ಲಿ 1 ಅಂಕ. ಅಂಕಗಳು ತಂಡಕ್ಕೆ ಸೇರುವುದರಿಂದ ಸಹಪಾಠಿಗಳೇ ಮುಂಚಿನ ವಾರಗಳಲ್ಲಿ ಕಲಿಸಲು ಮುಂದಾಗುತ್ತಾರೆ.

ಉ) ತೊದಲುವ ಅಥವಾ ಶ್ರವಣದೋಷವುಳ್ಳ ಮಗುವಿಗೆ ಚಿತ್ರ ತೋರಿಸಿ, ಸ್ಲೇಟಿನಲ್ಲಿ ಬರೆಯಲು ಅವಕಾಶ ನೀಡಬೇಕು. ತಪ್ಪಿಗೆ ನಗುವವರ ತಂಡದ ಅಂಕ ಕಡಿತಗೊಳ್ಳುವುದೆಂದು ಆರಂಭದಲ್ಲಿಯೇ ಸಾರುವುದು.

ಪ್ರತಿ ಸರದಿಗೆ ಒಂದು ನಿಮಿಷದಂತೆ 24 ಮಕ್ಕಳ ಎರಡು ಸುತ್ತುಗಳಿಗೆ 48 ನಿಮಿಷ ಬೇಕು. ಮರುಸರದಿ ಸೇರಿ ಒಂದೂವರೆ ಗಂಟೆ ಸಾಕು.

5. ಪಂಚಾಯಿತಿಯ ಪಾತ್ರ

ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಪದಪಟ್ಟಿಯ ಪ್ರತಿಯನ್ನೂ ಆಂಗ್ಲ–ಕನ್ನಡ ನಿಘಂಟನ್ನೂ ಇರಿಸಿದಲ್ಲಿ, ಮನೆಯಲ್ಲಿ ಹೇಳಿಕೊಡುವವರಿಲ್ಲದ ಮಕ್ಕಳಿಗೆ ನೆರವಾಗುತ್ತದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರು ಸಮಯಪಾಲನೆ ಹಾಗೂ ಅಂಕ ದಾಖಲೆಯ ಹೊಣೆ ವಹಿಸಬಹುದು. ಪದಕ, ಫಲಕಗಳಿಗಿಂತ ತಂಡಕ್ಕೊಂದು ನಿಘಂಟು ಉಪಯುಕ್ತ ಬಹುಮಾನ.

6. ಸ್ಪರ್ಧೆಯ ನಂತರ

ಯಾವ ಮಗು ಯಾವ ಪದದಲ್ಲಿ, ಯಾವ ಅಕ್ಷರದ ಬಳಿ ಎಡವಿತೆಂಬ ದಾಖಲೆಯೇ ಸ್ಪರ್ಧೆಯ ಮುಖ್ಯ ಫಲಿತಾಂಶ. ಹಲವರು ಒಂದೇ ಮಾದರಿಯಲ್ಲಿ ತಪ್ಪಿದ್ದರೆ ಅದು ಮರುಬೋಧನೆಯ ಪಾಠವೆಂದು ತಿಳಿಯಬೇಕು. ಒಂದು ತಿಂಗಳ ಬಳಿಕ ಆ ಪದಗಳನ್ನಷ್ಟೇ ತರಗತಿಯಲ್ಲಿ ಪುನಃ ಕೇಳಿ, ಮೊದಲಿನ ದಾಖಲೆಯೊಂದಿಗೆ ಹೋಲಿಸುವುದು.