ಜಗಲಿಗೆ ಕದ ಇಡುವ ಮುನ್ನ

ದೊಡ್ಡಮಳೂರಿನ ಅಪ್ರಮೇಯ ಸ್ವಾಮಿ ದೇವಸ್ಥಾನದಿಂದ ಕೂಗಳತೆ ದೂರದಲ್ಲಿ ನನ್ನ ವೆಲ್ಡಿಂಗ್ ಅಂಗಡಿ. ಗೇಟು, ಗ್ರಿಲ್ಲು, ಶೀಟಿನ ಚಾವಣಿ ಮಾಡುತ್ತ ಇಪ್ಪತ್ತೆರಡು ವರ್ಷವಾಯಿತು. ಈಚೆಗೆ ಬರುವ ಕೆಲಸದಲ್ಲಿ ಅರ್ಧಕ್ಕರ್ಧ ಒಂದೇ ಬಗೆಯದು: “ಅಣ್ಣ, ಜಗಲಿ ಮುಚ್ಚಿಕೊಡಿ. ವರ್ಷಪೂರ್ತಿ ಕೂರೋ ಹಂಗಿರಬೇಕು.” ಮನೆ ಭಾಗವಾಗಿ ಕೋಣೆ ಸಾಲದವರು ಕೇಳುತ್ತಾರೆ. ಮಂಡಿನೋವಿನಿಂದ ಹೊಸ್ತಿಲು ದಾಟಲಾರದ ತಂದೆತಾಯಿ ಇರುವವರು ಕೇಳುತ್ತಾರೆ. ಸೊಳ್ಳೆಗೆ, ಕೋತಿಗೆ ಬೇಸತ್ತವರೂ ಬರುತ್ತಾರೆ. ಚನ್ನಪಟ್ಟಣ, ರಾಮನಗರ, ಮಾಗಡಿ, ಕನಕಪುರದ ಕಡೆ ಇಂಥ ಕೆಲಸ ಮಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಕೆಲವನ್ನು ಬೇರೆಯವರ ದುಡ್ಡು ಹಾಳುಮಾಡಿ ಕಲಿತೆ. ಅದರ ಸಂಕಟ ಈಗಲೂ ಹೋಗಿಲ್ಲ.

1. ಟೇಪು ಹಿಡಿಯುವ ಮೊದಲು ಆ ಜಗಲಿಯಲ್ಲಿ ಕೂರಬೇಕು

ಮೊದಲೆಲ್ಲ ಹೋದ ತಕ್ಷಣ ಅಳತೆ ತೆಗೆಯುತ್ತಿದ್ದೆ. ಈಗ ಮೊದಲು ಮನೆಯವರನ್ನು ಕೇಳುತ್ತೇನೆ: ಯಾವ ತಿಂಗಳು ಇಲ್ಲಿ ಕೂರೋಕಾಗಲ್ಲ, ಯಾವ ಹೊತ್ತಲ್ಲಿ, ಯಾಕೆ? “ಯಾವಾಗಲೂ ಆಗಲ್ಲ” ಎಂದವರೇ ಬಿಡಿಸಿ ಕೇಳಿದರೆ, ಏಪ್ರಿಲಿನಲ್ಲಿ ಮಧ್ಯಾಹ್ನ ಮೂರರಿಂದ ಆರರವರೆಗೆ, ಮಳೆಗಾಲದಲ್ಲಿ ಗಾಳಿ ಎದ್ದಾಗ, ಸೊಳ್ಳೆಗೆ ಹೆದರಿ ಸಂಜೆ ಏಳರ ಮೇಲೆ ಎನ್ನುತ್ತಾರೆ. ಮೂರು ಕಾಯಿಲೆಗೂ ಒಂದೇ ಮಾತ್ರೆ ಕೊಡಲಾಗದು.

ಬಿಸಿಲಿನ ಲೆಕ್ಕ ನಮ್ಮ ಸೀಮೆಗೆ ಬೇರೆಯೇ ಇದೆ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಅಲ್ಲಿಂದ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದಲ್ಲಿ ಉತ್ತರಕ್ಕೆ ವಾಲಿರುತ್ತಾನೆ. ಡಿಸೆಂಬರಿಗೆ ದಕ್ಷಿಣಕ್ಕೆ ಇಳಿದು 54 ಡಿಗ್ರಿ ಎತ್ತರದಲ್ಲಿ ನಿಲ್ಲುತ್ತಾನೆ. ದಕ್ಷಿಣಕ್ಕೆ ಮುಖ ಮಾಡಿದ ಜಗಲಿಗೆ ಏಳು ಅಡಿ ಎತ್ತರದಲ್ಲಿ ಎರಡು ಅಡಿ ಸೂರು ಚಾಚಿದ್ದರೆ ಏಪ್ರಿಲಿನ ಮಧ್ಯಾಹ್ನ ಒಂದು ಎಳೆ ಬಿಸಿಲೂ ಒಳಗೆ ಬರುವುದಿಲ್ಲ. ಡಿಸೆಂಬರಿನಲ್ಲಿ ಮೂರು ಅಡಿ ಒಳಕ್ಕೆ ಬಂದು ನೆಲ ಬೆಚ್ಚಗಾಗುತ್ತದೆ. ಇಂಥ ಜಗಲಿಗೆ ದೇವರೇ ಏರ್ಪಾಡು ಮಾಡಿಟ್ಟಿದ್ದಾನೆ, ನಾವು ಕೆಡಿಸದಿದ್ದರೆ ಸಾಕು. ಪಡುವಣ ಜಗಲಿಗೆ ಸೂರು ಎಷ್ಟು ಚಾಚಿದರೂ ಇಳಿಬಿಸಿಲು ಅದರ ಕೆಳಗೇ ನುಗ್ಗುತ್ತದೆ. ಅಲ್ಲಿ ತಡೆ ಹೊರಗಡೆ ಬೇಕು. ಬಿದಿರಿನ ಚಾಪೆಯೋ ಲಾವಂಚದ ಚಾಪೆಯೋ ಸುರುಳಿ ಬಿಚ್ಚುವಂತೆ ಇಳಿಬಿಡಬೇಕು. ಗಾಜು ಹಾಕಿಸಿ ಒಳಗಡೆ ಬಟ್ಟೆಯ ಪರದೆ ಬಿಟ್ಟರೆ ಶಾಖ ಅಷ್ಟರಲ್ಲಿ ಒಳಗೆ ಬಂದು ಕೂತಾಗಿರುತ್ತದೆ.

2. ಮಳೆಗೆ ಒಂದೇ ದಿಕ್ಕಿಲ್ಲ

ನಾನು ಸ್ವಂತವಾಗಿ ಒಪ್ಪಿಕೊಂಡ ಮೊದಲ ಜಗಲಿ ಪಕ್ಕದ ಹಳ್ಳಿಯ ಒಂದು ರೇಷ್ಮೆ ಸಾಕುವವರ ಮನೆಯದು. ಜೂನಿನಲ್ಲಿ ಕೆಲಸ. ಗಾಳಿ ಪಡುವಣದಿಂದ ಬೀಸುತ್ತಿತ್ತು, ಜಡಿಯೂ ಆ ಕಡೆಯಿಂದಲೇ. ಪಡುವಣಕ್ಕೆ ಗಟ್ಟಿಯಾಗಿ ಶೀಟು ಹೊಡೆದು, ಮೂಡಣಕ್ಕೆ ಬರೀ ಗ್ರಿಲ್ಲು ಕೂರಿಸಿ ಬಂದೆ. ಉತ್ತರೆ, ಹಸ್ತ ಹೇಗೋ ಕಳೆದವು. ಸ್ವಾತಿ ಮಳೆ ಮೂಡಣದಿಂದ ಹೊಡೆಯಿತು. ಆ ರಾತ್ರಿ ಜಗಲಿಯಲ್ಲಿ ಮಲಗಿದ್ದ ಅಜ್ಜಿಯ ಹಾಸಿಗೆ, ಪಕ್ಕದಲ್ಲಿದ್ದ ಎರಡು ಮೂಟೆ ರಾಗಿ ಎಲ್ಲ ನೆನೆದವು. ಮಾರನೆ ಬೆಳಗ್ಗೆ ಹೋಗಿ ನೋಡಿದಾಗ ಅಜ್ಜಿ ಬಯ್ಯಲಿಲ್ಲ. “ಮುಂಗಾರು ಒಂದೇ ಅಲ್ಲ ಕಣಪ್ಪ, ಹಿಂಗಾರೂ ನಮ್ಮದೇಯ” ಎಂದರು ಅಷ್ಟೆ.

ನಮ್ಮಲ್ಲಿ ಮುಂಗಾರಿಗೆ ಮೊದಲು ಭರಣಿಯ ಕಾಲದಲ್ಲಿ ಗಾಳಿಮಳೆ ಯಾವ ಕಡೆಯಿಂದಲಾದರೂ ಬರಬಹುದು, ಆಲಿಕಲ್ಲೂ ಬಿದ್ದೀತು. ಹಾಗಾಗಿ ಈಗ ಪ್ರತಿ ದಿಕ್ಕಿಗೂ ಮುಚ್ಚುವ ಏರ್ಪಾಡು ಮಾಡುತ್ತೇನೆ, ಯಾವುದನ್ನೂ ಶಾಶ್ವತವಾಗಿ ಮುಚ್ಚುವುದಿಲ್ಲ. ಸೊಂಟದ ಮಟ್ಟಕ್ಕೆ ಮೋಟುಗೋಡೆ, ಮೇಲೆ ಹೊರಕ್ಕೆ ತೆರೆಯುವ ಕದ. ಜಾರುವ ಕಿಟಕಿ ನೋಡಲು ಚೆಂದ, ಆದರೆ ಎರಡು ಕದದಲ್ಲಿ ಒಂದು ಮಾತ್ರ ತೆರೆದಿರುತ್ತದೆ. ಗಾಳಿಗೆ ಸಿಗುವುದು ಅರ್ಧ ಜಾಗ. ಜಾಗ ಇದ್ದ ಕಡೆ ನಾನು ಬಿಚ್ಚುಗದವನ್ನೇ ಹೇಳುತ್ತೇನೆ.

3. ಗೋಡೆ ಮತ್ತು ಚಾವಣಿ ಸೇರುವ ಗೆರೆ

ಸೋರುವ ಹತ್ತು ಜಗಲಿಗಳಲ್ಲಿ ಹೆಚ್ಚಿನವು ಶೀಟಿನ ನಡುವೆ ಸೋರುವುದಿಲ್ಲ, ಹಳೆ ಗೋಡೆಗೆ ಹೊಸ ಶೀಟು ತಾಗುವ ಕಡೆ ಸೋರುತ್ತವೆ. ಅಲ್ಲಿ ಸಿಮೆಂಟು ಮೆತ್ತಿದರೆ ಒಂದು ಬೇಸಿಗೆಗೆ ಬಿರುಕು. ಶೀಟು ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಸಿಮೆಂಟು ಅದರ ಜೊತೆ ಕುಣಿಯಲಾರದು. ಗೋಡೆಯಲ್ಲಿ ಒಂದಂಗುಲ ಆಳಕ್ಕೆ ಗೀರು ಕೊರೆದು, ಬಗ್ಗಿಸಿದ ತಗಡಿನ ಅಂಚನ್ನು ಅದರೊಳಗೆ ತುರುಕಿ, ಶೀಟಿನ ಮೇಲೆ ಆರಂಗುಲ ಇಳಿಬಿಡಬೇಕು. ಸ್ಕ್ರೂ ಶೀಟಿನ ಏಣಿನ ಮೇಲೆ ಬರಬೇಕು, ನೀರು ಹರಿಯುವ ತಗ್ಗಿನಲ್ಲಲ್ಲ. ರಬ್ಬರ್ ವಾಷರನ್ನು ಚಪ್ಪಟೆಯಾಗುವಷ್ಟು ಬಿಗಿಯಬಾರದು. ಗ್ಯಾಲ್ವನೈಸ್ ಪೈಪಾದರೆ ವೆಲ್ಡಿಂಗ್ ಮಾಡಿದಲ್ಲಿ ಸತುವು ಸುಟ್ಟುಹೋಗಿರುತ್ತದೆ, ತುಕ್ಕು ಅಲ್ಲಿಂದಲೇ ಶುರು. ಆ ಜಾಗಕ್ಕೆ ಸತುವಿನ ಪೇಂಟು ಬಳಿಯದೆ ಮೇಲೆ ಬಣ್ಣ ಹೊಡೆಯುವುದು ಮನೆಯವರಿಗೆ ಮಾಡುವ ಮೋಸ.

ಶೀಟೋ ಹೆಂಚೋ ಎಂದು ಕೇಳುತ್ತಾರೆ. ದುಡ್ಡಿದ್ದರೆ, ಇಳಿಜಾರಿಗೆ ಎತ್ತರ ಸಿಕ್ಕಿದರೆ ಮಂಗಳೂರು ಹೆಂಚೇ ನನ್ನ ಉತ್ತರ. ಬಾಸೆಲ್ ಮಿಷನ್‌ನವರು 1860ರ ದಶಕದಲ್ಲಿ ಕರಾವಳಿಯಲ್ಲಿ ಅಚ್ಚು ಹಾಕಿಸಿದ ಆ ಹೆಂಚು ಇವತ್ತಿಗೂ ಸಂದುಗಳಲ್ಲಿ ಉಸಿರಾಡುತ್ತದೆ, ಮಳೆ ಬಿದ್ದರೆ ಡೋಲು ಬಾರಿಸುವುದಿಲ್ಲ. ಕೋತಿ ಇರುವ ಊರಲ್ಲಿ ಮಾತ್ರ ಹೆಂಚಿನ ಆಸೆ ಬಿಡಬೇಕು.

4. ತೊಟ್ಟಿಗೆ ಮುಚ್ಚಳ ಹಾಕಬಾರದು, ಕೊಡೆ ಹಿಡಿಯಬೇಕು

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ನಾನು ತಪ್ಪು ಮಾಡಿದ್ದೇನೆ. ಮಾಗಡಿ ಕಡೆ ಒಂದು ಹಳೆ ತೊಟ್ಟಿಮನೆ. ನಾಲ್ಕು ಕಡೆ ಪಡಸಾಲೆ, ಕಲ್ಲುಕಂಬ, ನಡುವೆ ಬಾನಿಗೆ ತೆರೆದ ತೊಟ್ಟಿ. ಮಳೆನೀರು ಎರಚುತ್ತದೆ, ಮುಚ್ಚಿಕೊಡಿ ಎಂದರು. ಬೆಳಕು ಬೇಕೆಂದು ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟನ್ನು ಸೂರಿನ ಮಟ್ಟಕ್ಕೇ ಬಿಗಿದು ಕೂರಿಸಿದೆ. ಜನವರಿಯಲ್ಲಿ ಎಲ್ಲರೂ ಹೊಗಳಿದರು. ಮಾರ್ಚ್ ಕೊನೆಗೆ ಫೋನು ಬಂತು. ಹೋಗಿ ಒಳಗೆ ಕಾಲಿಟ್ಟರೆ ಸುಣ್ಣದ ಗೂಡಿನ ಬಾಯಲ್ಲಿ ನಿಂತಂತಾಯಿತು. ಬಿಸಿಲು ಒಳಗೆ ಬರುತ್ತಿತ್ತು, ಬಿಸಿಗಾಳಿ ಹೊರಗೆ ಹೋಗುತ್ತಿರಲಿಲ್ಲ. ಒಲೆಯ ಹೊಗೆ ಪಡಸಾಲೆಯಲ್ಲೇ ತಿರುಗುತ್ತಿತ್ತು. ಆ ಮನೆಗೆ ಕಿಟಕಿಗಳೇ ಕಡಿಮೆ, ಅದು ಉಸಿರಾಡುತ್ತಿದ್ದದ್ದೇ ತೊಟ್ಟಿಯ ಬಾಯಿಂದ. ಅದಕ್ಕೆ ನಾನು ಕೈ ಅಡ್ಡ ಹಿಡಿದಿದ್ದೆ.

ಶೀಟು ಬಿಚ್ಚಿ ಎರಡು ಅಡಿ ಮೇಲಕ್ಕೆ ಎತ್ತಿದೆ. ಸುತ್ತ ಎರಡೂವರೆ ಅಡಿ ಹೊರಕ್ಕೆ ಚಾಚಿಸಿದೆ. ಎತ್ತಿದ ಸಂದಿಗೆ ನಾಲ್ಕು ಕಡೆಯೂ ಜಾಲರಿ. ಮುಕ್ಕಾಲು ಭಾಗ ಬಿಳಿ ಬಣ್ಣದ ತಗಡು, ಕಾಲು ಭಾಗ ಮಾತ್ರ ಬೆಳಕಿನ ಶೀಟು. ಬಿಸಿಗಾಳಿ ಮೇಲೇರಿ ಹೋಗತೊಡಗಿತು, ಬಾಗಿಲ ಕಡೆಯಿಂದ ತಂಪುಗಾಳಿ ತಾನಾಗಿ ಒಳಗೆ ಬಂತು. ಎರಡನೇ ಸಲದ ಕೂಲಿ ನಾನು ತೆಗೆದುಕೊಳ್ಳಲಿಲ್ಲ. ಜಗಲಿಗೂ ಇದೇ ನಿಯಮ: ಕೆಳಗೆ ಗಾಳಿ ಬರುವ ದಾರಿ, ಚಾವಣಿಗೆ ತಾಗಿ ಹೋಗುವ ದಾರಿ, ಎರಡೂ ಕದ ಮುಚ್ಚಿದಾಗಲೂ ತೆರೆದಿರಬೇಕು. ಚಳಿಗೆಂದು ಕೆಂಡದ ಬಾಂಡ್ಲಿ ಇಟ್ಟುಕೊಳ್ಳುವ ಹಿರಿಯರಿರುವ ಮನೆಯಲ್ಲಿ ಇದು ಪ್ರಾಣದ ಮಾತು. ಮುಚ್ಚಿದ ಜಾಗದಲ್ಲಿ ಕೆಂಡದ ವಿಷಗಾಳಿಗೆ ವಾಸನೆಯೂ ಇರುವುದಿಲ್ಲ.

5. ಜಾಲರಿಯ ವಿದ್ಯೆ ಹುಳುಮನೆಯಿಂದ ಬಂದದ್ದು

ಬಂಗಾಳದ ಕಡೆಯಿಂದ ಊಜಿ ನೊಣ ಕರ್ನಾಟಕಕ್ಕೆ ಬಂದದ್ದು 1980ರಲ್ಲಿ. ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆ ಇಟ್ಟು, ಮರಿ ಒಳಗೆ ಕೊರೆದು ತಿನ್ನುವ ನೊಣ. ಅದಕ್ಕೆ ಅಂಜಿ ನಮ್ಮವರು ಹುಳುಮನೆಯ ಕಿಟಕಿ ಬಾಗಿಲಿಗೆಲ್ಲ ನೈಲಾನ್ ಪರದೆ ಬಿಗಿಯುವುದನ್ನು ಕಲಿತರು. ಬಾಗಿಲಿಗೆ ಒಂದರ ಹಿಂದೆ ಒಂದು, ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ಎರಡು ಪರದೆ. ಒಳಗಿನದನ್ನು ತೆರೆಯುವ ಮುಂಚೆ ಹೊರಗಿನದು ಮುಚ್ಚಿರಬೇಕು. ಹುಳುವಿಗೆ ಇಷ್ಟು ಮಾಡಿದವರು ಮಕ್ಕಳನ್ನು ಡೆಂಗಿ ಸೊಳ್ಳೆಗೆ ಬಿಡುವುದೇಕೆ? ಆ ಸೊಳ್ಳೆ ಕಚ್ಚುವುದು ಹಗಲಲ್ಲಿ.

ನೆನಪಿಡಬೇಕಾದ್ದು ಇಷ್ಟು: ಜಾಲರಿ ಸೊಳ್ಳೆಯ ಜೊತೆ ಗಾಳಿಯನ್ನೂ ತಡೆಯುತ್ತದೆ. ಮೊದಲು ನಾಲ್ಕಡಿ ತೆರಪು ಸಾಕಾಗಿದ್ದರೆ ಜಾಲರಿ ಹಾಕಿದ ಮೇಲೆ ಆರೇಳು ಅಡಿ ಬೇಕು. ತಿಂಗಳಿಗೊಮ್ಮೆ ಬಿಚ್ಚಿ ತೊಳೆಯುವಂತೆ ಚೌಕಟ್ಟು ಮಾಡಿಸಿ. ಧೂಳು ತುಂಬಿದ ಜಾಲರಿ ಗೋಡೆಗೆ ಸಮ.

6. ಹುಳು ಇರುವಾಗ ಬಣ್ಣ ಬೇಡ

ಜಗಲಿಗೆ ಅಂಟಿದ ಕೋಣೆಯಲ್ಲಿ ಹುಳು ಇದ್ದರೆ ಥಿನ್ನರು, ಪೇಂಟು, ವೆಲ್ಡಿಂಗ್ ಹೊಗೆ ಯಾವುದೂ ಸುಳಿಯಬಾರದು. ಒಂದು ಬೆಳೆ ಎಂದರೆ ಹೆಚ್ಚು ಕಡಿಮೆ ಒಂದು ತಿಂಗಳು. ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದು ಹುಳು ಹಬ್ಬದಂತೆ ಸೊಪ್ಪು ತಿನ್ನುವಾಗ ಬಂದು “ಎರಡೇ ದಿನ, ಮುಗಿಸಿಬಿಡ್ತೀನಿ” ಎನ್ನುವ ಕೆಲಸಗಾರನನ್ನು ವಾಪಸು ಕಳಿಸಿ. ನಾನು ಕೇಳುವುದೇ ಗೂಡು ಯಾವತ್ತು ಬಿಡಿಸುತ್ತೀರಿ ಎಂದು.

7. ಕಲ್ಲುಕಂಬಕ್ಕೆ ಡ್ರಿಲ್ ಹಾಕಬೇಡಿ

ನಮ್ಮ ಸೀಮೆಯ ಹಳೆ ಜಗಲಿಗೆ ಕಣಶಿಲೆಯ ಕಂಬ. ಗಟ್ಟಿ ಹೌದು, ಆದರೆ ಅಂಚಿಗೆ ಕೊರೆದು ಆಂಕರ್ ಬೋಲ್ಟ್ ಬಿಗಿದರೆ ಚಕ್ಕೆ ಏಳುತ್ತದೆ. ನೂರು ವರ್ಷ ನಿಂತ ಕಂಬಕ್ಕೆ ಅರ್ಧ ಗಂಟೆಯಲ್ಲಿ ಗಾಯ. ಕಂಬವನ್ನು ಸುತ್ತುವ ಕಬ್ಬಿಣದ ಪಟ್ಟಿ ಮಾಡಿ, ಒಳಗೆ ರಬ್ಬರ್ ಕೊಟ್ಟು, ಅದಕ್ಕೆ ಚೌಕಟ್ಟು ಹಿಡಿಸಿ. ನಾಳೆ ಬಿಚ್ಚಿದರೂ ಕಂಬ ಕಂಬವಾಗಿಯೇ ಉಳಿಯುತ್ತದೆ.

8. ನೀರು ಎಲ್ಲಿಗೆ ಹೋಗುತ್ತದೆ?

ಹತ್ತು ಇಪ್ಪತ್ತರ ಚಾವಣಿಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 185 ಲೀಟರ್. ಅದನ್ನು ಪಕ್ಕದವರ ಗೋಡೆಗೆ ಬಿಟ್ಟರೆ ಜಗಳ, ಸ್ವಂತ ಪಾಯಕ್ಕೆ ಬಿಟ್ಟರೆ ತೇವ. ತಗಡಿನ ದೋಣಿ ಕಟ್ಟಿ ಡ್ರಮ್ಮಿಗೋ ಇಂಗುಗುಂಡಿಗೋ ಇಳಿಸಿ. ದೋಣಿಗೆ ವಾಟ ಇಲ್ಲದೆ ನೀರು ನಿಂತರೆ ವಾರ ಹತ್ತು ದಿನದಲ್ಲಿ ಅಲ್ಲೇ ಸೊಳ್ಳೆ ಹುಟ್ಟುತ್ತದೆ. ಆಗ ಐದನೇ ಪಾಠವೆಲ್ಲ ವ್ಯರ್ಥ. ಜಗಲಿಯ ನೆಲ ಮನೆಯ ಹೊಸ್ತಿಲಿಗಿಂತ ಮೂರಂಗುಲವಾದರೂ ತಗ್ಗಿರಲಿ, ರಸಮಟ್ಟ ಇಟ್ಟು ಹೊರಕ್ಕೆ ಹತ್ತಡಿಗೆ ಒಂದಂಗುಲ ವಾಟ ಕೊಡಿ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಹೆದ್ದಾರಿಯೇ ಮುಳುಗಿದ ಮಳೆಯಲ್ಲಿ, ಟೈಲ್ಸಿನ ಆಸೆಗೆ ಜಗಲಿ ಮನೆ ಒಂದೇ ಮಟ್ಟ ಮಾಡಿಸಿಕೊಂಡಿದ್ದವರ ನಡುಮನೆಗೆ ನೀರು ನೇರವಾಗಿ ನಡೆದು ಬಂದದ್ದನ್ನು ನೋಡಿದೆ.

9. ಗ್ರಿಲ್ಲಿನ ಬೀಗ

ಕೋತಿಗೆ, ಕಳ್ಳರಿಗೆ ಹೆದರಿ ಸುತ್ತ ಗ್ರಿಲ್ಲು ಹಾಕಿಸುತ್ತಾರೆ, ರಾತ್ರಿ ಬೀಗ ಹಾಕಿ ಕೀಲಿಕೈಯನ್ನು ದೇವರ ಮನೆಯಲ್ಲಿಡುತ್ತಾರೆ. ಬೆಂಕಿ ಬಿದ್ದರೆ ಕತ್ತಲಲ್ಲಿ ಹುಡುಕುವವರಾರು? ಒಳಗಿನಿಂದ ಕೀಲಿಕೈ ಇಲ್ಲದೆ ತೆರೆಯುವ ಅಗುಳಿ ಇಲ್ಲದ ಗ್ರಿಲ್ಲನ್ನು ನಾನು ಮಾಡಿಕೊಡುವುದಿಲ್ಲ. ಕರೆಂಟಿನ ವೈರು ಕೊಳವೆಯೊಳಗೇ ಹೋಗಬೇಕು, ಕಬ್ಬಿಣದ ಚೌಕಟ್ಟಿಗೆ ಅರ್ಥಿಂಗ್ ಕೊಡಿಸಿ.

10. ಒಂದು ಕಟ್ಟೆ ಹೊರಗೆ ಉಳಿಯಲಿ

ಅಪ್ರಮೇಯ ಸ್ವಾಮಿ ಗುಡಿಯ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಹರಸಿಕೊಂಡವರು ದೂರದೂರದಿಂದ ನಮ್ಮೂರಿಗೆ ಬರುತ್ತಾರೆ. ಬಸುರಿಯರು ಬರುತ್ತಾರೆ, ಹಸುಗೂಸು ಎತ್ತಿಕೊಂಡ ಬಾಣಂತಿಯರು ಬರುತ್ತಾರೆ. ನಾನು ಚಿಕ್ಕವನಿದ್ದಾಗ ತೇರಿನ ದಿನ ಅವರೆಲ್ಲ ಯಾರದೋ ಜಗಲಿಯಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದರು, ಮನೆಯವರು ಒಂದು ಚೊಂಬು ನೀರು ತಂದಿಡುತ್ತಿದ್ದರು. ಜಗಲಿಗಳಿಗೆಲ್ಲ ಗ್ರಿಲ್ಲು ಹಾಕಿದವನು ನಾನೇ. ಈಗ ಅವರು ಬಿಸಿಲಲ್ಲಿ ನಿಂತಿರುವುದನ್ನು ಕಂಡರೆ ಗಂಟಲು ಕಟ್ಟುತ್ತದೆ.

ಅದಕ್ಕೇ ಅಳತೆ ಹಾಕುವಾಗ ಬೀದಿ ಕಡೆಯಿಂದ ಒಂದೂವರೆ ಅಡಿ ಒಳಕ್ಕೆ ಚೌಕಟ್ಟು ನಿಲ್ಲಿಸಿ, ಹಳೆಯ ಕಲ್ಲುಚಪ್ಪಡಿಯ ಕಟ್ಟೆಯನ್ನು ಹೊರಗೆ ಬಿಡಲು ಮನೆಯವರನ್ನು ಕೇಳಿಕೊಳ್ಳುತ್ತೇನೆ. ಸೂರು ಅದನ್ನೂ ಮುಚ್ಚುವಷ್ಟು ಚಾಚಿರುತ್ತದೆ. ಕೆಲವರು ಒಪ್ಪುವುದಿಲ್ಲ, ಜಾಗ ಅವರದು. ಒಪ್ಪಿದವರ ಮನೆಯಲ್ಲಿ ಆ ಕೆಲಸಕ್ಕೆ ನಾನು ಕೂಲಿ ಹಿಡಿಯುವುದಿಲ್ಲ.

ಸ್ವಾತಿ ಮಳೆಗೆ ಹಾಸಿಗೆ ನೆನೆದ ಆ ಮೊದಲ ಮನೆಯಿಂದ ಮೊನ್ನೆ ಮತ್ತೆ ಹೇಳಿಕಳಿಸಿದ್ದರು. ಅಜ್ಜಿ ಈಗಿಲ್ಲ. ಮೊಮ್ಮಗ ಗ್ರಿಲ್ಲು ತೆಗೆಸಿ ಮೂಡಣಕ್ಕೆ ಕದ ಇಡಿಸಬೇಕೆಂದಿದ್ದಾನೆ, ಬೀದಿ ಕಡೆ ಕಟ್ಟೆ ಬಿಡಲೂ ಒಪ್ಪಿದ್ದಾನೆ. ಹುಳು ಮೂರನೇ ಜ್ವರದಲ್ಲಿದೆ. ಗೂಡು ಬಿಡಿಸಿದ ಮೇಲೆ ಬರುತ್ತೇನೆಂದು ಹೇಳಿ ಬಂದಿದ್ದೇನೆ.